ಹಳದಿ ಮನೆಯ ಹೊಗೆಗೂಡು

ಪಿಂಕಮ್ ಊರಿನ ಏವಿಸ್ ಕಾರ್ವರ್‌ಗೆ ಎಪ್ಪತ್ತೊಂದು ತುಂಬಿತ್ತು. ಎರಡು ಮಂಡಿಗಳೂ ಮುಷ್ಕರ ಹೂಡಿದ್ದವು, ಬಲಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. ಆ ನಾಲಿಗೆಯೊಂದನ್ನೇ ನಂಬಿಕೊಂಡು ಅವಳು ಒಂದು ಚಳಿಗಾಲದಲ್ಲಿ ಸಮುದ್ರವನ್ನು ಮುನ್ನೂರು ಅಡಿ ಜರುಗಿಸಿದಳು.

ಏವಿಸ್ ಲಾಬ್‌ಸ್ಟರ್ ಹಿಡಿಯುವವಳು. ಐವತ್ತು ವರ್ಷದಿಂದ ತನ್ನ ದೋಣಿಯಲ್ಲಿ ಒಬ್ಬಳೇ ಹೋಗಿ, ಬೋನು ಮುಳುಗಿಸಿ, ಬೋನು ಎತ್ತಿ ಬದುಕಿದವಳು. ಅವಳ ಬೋನುಗಳಿದ್ದದ್ದು ಹೊರದಿಬ್ಬದಲ್ಲಿ, ದಡದಿಂದ ಮೂರು ಮೈಲಿ ಆಚೆ, ಅಲೆಗಳಿಗೆ ದಯೆ ದಾಕ್ಷಿಣ್ಯ ಇಲ್ಲದ ನೀರಿನಲ್ಲಿ. ಹೋದ ವರ್ಷ ಅಲ್ಲಿ ಓಡುವ ಹಗ್ಗ ಅವಳ ಬೂಟಿಗೆ ಸುತ್ತಿಕೊಂಡು ಇನ್ನೇನು ಅವಳನ್ನೂ ಬೋನಿನ ಜೊತೆ ತಳಕ್ಕೆ ಕರೆದೊಯ್ಯಬೇಕು, ಅಷ್ಟರಲ್ಲಿ ಬೂಟು ಕಳಚಿಕೊಂಡು ಹೋಯಿತು. ಒಂದೇ ಬೂಟಿನಲ್ಲಿ ಮನೆಗೆ ಬಂದ ಏವಿಸ್‌ಳನ್ನು ಕಂಡು ಅವಳ ಅಣ್ಣನ ಮಗಳು, ತಾನೂ ಹೊರದಿಬ್ಬದಲ್ಲೇ ಬೋನು ಹಾಕುವ ಟ್ರುಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾಕು ಅತ್ತೆ. ದೋಣಿ ಮಾರಿಬಿಡು. ಬೆಚ್ಚಗೆ ಒಲೆ ಮುಂದೆ ಕೂತ್ಕೊಂಡು ಕಾಲುಚೀಲ ಹೆಣಿ."

"ಹೆಣಿಯೋಕೆ ನಂಗೆ ಬರಲ್ವಲ್ಲೇ."

"ಕಲ್ತ್ಕೋ. ಇನ್ನೊಂದು ವರ್ಷ ಹೊರದಿಬ್ಬಕ್ಕೆ ಹೋದ್ರೆ ನಾನೇ ದೋಣಿಗೆ ತೂತು ಹೊಡೀತೀನಿ."

ಅವಳು ಹೊಡೆಯುವವಳೇ. ಏವಿಸ್‌ಗೆ ಅದು ಗೊತ್ತಿತ್ತು, ಯಾಕೆಂದರೆ ಆ ಹುಡುಗಿಗೆ ಹಟ ಕಲಿಸಿದವಳೂ ಅವಳೇ. ದೋಣಿ ಬಿಟ್ಟು ಬದುಕುವುದು ಏವಿಸ್‌ಗೆ ಯೋಚಿಸಲೂ ಆಗುತ್ತಿರಲಿಲ್ಲ. ಸಮುದ್ರ ಬೇಕು, ಆದರೆ ಮುದುಕಿಯ ಕೈಗೆ ಬಗ್ಗುವ ಸಮುದ್ರ ಬೇಕು. ಅಂಥ ನೀರು ಇಡೀ ಜಿಲ್ಲೆಯಲ್ಲಿ ಒಂದೇ ಕಡೆ ಇತ್ತು. ಅದರ ಹೆಸರು ಬಾಣಲೆ.

ಬಾಣಲೆ ಅಂದರೆ ದಡಕ್ಕೂ ಕಡಲೊಳಗಿನ ಬಾತುಬಂಡೆಗೂ ನಡುವೆ ಇರುವ ಗುಂಡನೆಯ ತಗ್ಗು. ಅಲೆಯನ್ನೆಲ್ಲ ಬಂಡೆಯೇ ತಡೆಯುವುದರಿಂದ ಅಲ್ಲಿ ನೀರು ಸದಾ ಸಾಧು. ಬೇಸಿಗೆಯಲ್ಲಿ ಲಾಬ್‌ಸ್ಟರ್‌ಗಳು ನೆಂಟರ ಹಾಗೆ ತಾವೇ ಬಂದು ತಳ ಊರುತ್ತವೆ. ತೊಂದರೆ ಇಷ್ಟೇ, ಬಾಣಲೆ ಪಕ್ಕದ ಟಾರ್ಬೆಲ್ ಊರಿನವರದು. ಗೆರೆಯಿಂದ ಆಚೆಗಿತ್ತು.

ಗೆರೆ ಯಾವ ಸರ್ಕಾರದ ನಕ್ಷೆಯಲ್ಲೂ ಇಲ್ಲ. ಎರಡೂ ಊರಿನ ಅಜ್ಜಂದಿರು ಸೇರಿ ಬಾಯಲ್ಲೇ ಎಳೆದ ಗೆರೆ ಅದು: ಗುಡ್ಡದ ಮೇಲಿನ ಹಳದಿ ಮನೆಯ ಹೊಗೆಗೂಡಿನಿಂದ ಬಾತುಬಂಡೆಯ ಕಬ್ಬಿಣದ ಗೂಟಕ್ಕೆ ನೇರ, ಅಲ್ಲಿಂದ ಹಗ್ಗ ತಳ ಮುಟ್ಟುವಷ್ಟು ದೂರಕ್ಕೂ ನೇರ. ಪೂರ್ವಕ್ಕೆ ಪಿಂಕಮ್, ಪಶ್ಚಿಮಕ್ಕೆ ಟಾರ್ಬೆಲ್. ದೋಣಿಯಲ್ಲಿ ನಿಂತು ನೋಡಿದರೆ ಗೂಟದ ಹಿಂದೆ ಹೊಗೆಗೂಡು ಮರೆಯಾಗಬೇಕು, ಅಲ್ಲಿಗೆ ನೀನು ಗೆರೆಯ ಮೇಲಿದ್ದೀಯ ಎಂದು ಅರ್ಥ. ತಪ್ಪಿ ದಾಟಿದವನ ಬೋನಿನ ಗುರುತಿಗೆ ನೀರಿನ ಮೇಲೆ ತೇಲುವ ಬಣ್ಣದ ಬೆಂಡಿಗೆ ಅವನದೇ ಹಗ್ಗದಿಂದ ಒಂದು ಗಂಟು ಬೀಳುತ್ತದೆ. ಅದು ಬಾಯಿ ಬಿಡದೆ ಹೇಳುವ ಬುದ್ಧಿಮಾತು. ಎರಡನೇ ಸಲ ಗಂಟು ಹಾಕುವುದಿಲ್ಲ, ಹಗ್ಗವನ್ನೇ ಕೊಯ್ಯುತ್ತಾರೆ.

ಹಳದಿ ಮನೆಯನ್ನು ಆ ಶರತ್ಕಾಲದಲ್ಲಿ ಬಾಸ್ಟನ್ ಕಡೆಯ ಪ್ರೆಂಟಿಸ್ ಎಂಬ ಹಲ್ಲಿನ ಡಾಕ್ಟರು ಕೊಂಡುಕೊಂಡರು. ಕಡಲು ಗುಡ್ಡದ ಅಂಚನ್ನು ವರ್ಷಕ್ಕಿಷ್ಟು ತಿನ್ನುತ್ತಾ ಮನೆಯ ಮೆಟ್ಟಿಲ ಹತ್ತಿರವೇ ಬಂದಿತ್ತು. ಮನೆಯನ್ನು ಎತ್ತಿ ನೂರಡಿ ಹಿಂದಕ್ಕೆ ಸರಿಸುತ್ತೇನೆ ಎಂದು ಡಾಕ್ಟರು ಅಂಗಡಿಯಲ್ಲಿ ಹೇಳಿದ್ದೇ ತಡ, ಆ ಮಾತು ಮಧ್ಯಾಹ್ನದೊಳಗೆ ಏವಿಸ್ ಕಿವಿಗೆ ಬಿತ್ತು. ಆ ಭಾಗದಲ್ಲಿ ಮನೆ ಸರಿಸುವುದು ಹೊಸತೇನಲ್ಲ, ನೆಲ ಹೆಪ್ಪುಗಟ್ಟಿದಾಗ ಮರದ ಮನೆಯನ್ನು ದಿಮ್ಮಿಗಳ ಮೇಲೆ ಉರುಳಿಸಿಕೊಂಡು ಹೋಗುತ್ತಾರೆ. ಏವಿಸ್ ಚಹಾದ ಬಟ್ಟಲು ಕೆಳಗಿಟ್ಟಳು. ಮನೆ ಸರಿದರೆ ಹೊಗೆಗೂಡು ಸರಿಯುತ್ತದೆ. ಹೊಗೆಗೂಡು ಸರಿದರೆ?

ಮರುದಿನವೇ ಅವಳು ಬ್ಲೂಬೆರಿ ಕಡುಬು ಹಿಡಿದು ಹಳದಿ ಮನೆಯ ಬಾಗಿಲು ತಟ್ಟಿದಳು.

"ಹಿಂದಕ್ಕೆ ಮಾತ್ರ ಹೋಗ್ಬೇಡಿ ಡಾಕ್ಟ್ರೇ. ಅಲ್ಲಿ ನೆಲ ಅಲ್ಲ, ಜೌಗು. ನಮ್ಮಜ್ಜನ ಜೋಡಿ ಎತ್ತು ನೊಗದ ಸಮೇತ ಅಲ್ಲೇ ಇಳಿದು ಹೋದ್ವು. ಇವತ್ತಿಗೂ ಮೇಲೆ ಬಂದಿಲ್ಲ."

ಅವಳ ಅಜ್ಜನಿಗೆ ಎತ್ತಿರಲಿ, ಒಂದು ಮೇಕೆಯೂ ಇರಲಿಲ್ಲ.

"ಅಯ್ಯೋ, ಹೌದಾ?" ಡಾಕ್ಟರು ಕಡುಬಿನ ತುಂಡು ಬಾಯಿಗಿಟ್ಟವರು ಹಾಗೇ ನಿಂತರು.

"ಅದ್ರ ಮೇಲೆ ಮೇ ತಿಂಗಳಲ್ಲಿ ಕರಿನೊಣ. ಕಚ್ಚಿದ್ರೆ ಕಣ್ಣು ಮುಚ್ಚಿಹೋಗುತ್ತೆ. ಪಡುವಣಕ್ಕೆ ಹೋಗಿ. ಅದೋ, ಆ ದಿಣ್ಣೆ ಇದೆಯಲ್ಲ, ಆರುನೂರು ಅಡಿ ಇರ್ಬಹುದು. ಗಾಳಿ ಬೀಸುತ್ತೆ, ನೊಣ ಸುಳಿಯಲ್ಲ. ಸೂರ್ಯ ಮುಳುಗೋದು ನಿಮ್ಮ ಊಟದ ಮೇಜಿನ ಮೇಲೇ."

ಅಷ್ಟರಲ್ಲಿ ಹಿತ್ತಲಿನ ದಾರಿಯಲ್ಲಿ ಓರಿನ್ ಡೈಯರ್ ಬಂದ. ಟಾರ್ಬೆಲ್ ಊರಿನ ಹಿರಿಯ, ಏವಿಸ್‌ಗಿಂತ ಮೂರು ವರ್ಷ ದೊಡ್ಡವನು. ಕೆಸರಿನಲ್ಲಿ ಕಪ್ಪೆಚಿಪ್ಪು ಅಗೆದು ಬರುತ್ತಿದ್ದವನಿಗೆ ಏವಿಸ್‌ಳ ಮಾತೆಲ್ಲ ದಾರಿಯಿಂದಲೇ ಕೇಳಿಸಿತ್ತು. ಏವಿಸ್ ಮನಸ್ಸಿನಲ್ಲೇ ಶಪಿಸಿದಳು. ಈ ಮುದುಕ ಈಗ ಎಲ್ಲಾ ಕೆಡಿಸುತ್ತಾನೆ.

"ಇವರು ಹೇಳ್ತಾರೆ, ಮನೆ ಪಡುವಣ ದಿಣ್ಣೆಗೆ ಹೋಗ್ಬೇಕಂತೆ," ಎಂದರು ಡಾಕ್ಟರು.

ಓರಿನ್ ಬುಟ್ಟಿ ಇಳಿಸಿ ಮನೆ ನೋಡಿದ, ದಿಣ್ಣೆ ನೋಡಿದ, ಕೊನೆಗೆ ಕಡಲಿನ ಕಡೆ ತಿರುಗಿ ಬಾತುಬಂಡೆಯನ್ನೂ ಅದರಾಚೆಗಿನ ದೂರವನ್ನೂ ನಿಧಾನವಾಗಿ ನೋಡಿದ.

"ಏವಿಸ್ ಹೇಳಿದ್ಮೇಲೆ ಮುಗೀತು. ಎತ್ತಿನ ವಿಷಯ ಹೇಳಿದ್ಲಾ?"

"ಹೇಳಿದ್ರು, ಹೇಳಿದ್ರು."

"ಪಾಪ, ಒಳ್ಳೇ ಎತ್ತುಗಳು," ಎಂದು ಓರಿನ್ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ.

ಏವಿಸ್‌ಗೆ ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳಬೇಕಾಯಿತು. ಮುದುಕನಿಗೆ ಅರಳುಮರಳು ಎಂದುಕೊಂಡಳು. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಮನೆ ಸರಿದ ಮೇಲೆ ಜಗಳ ಆಗಬಾರದು. ಅದಕ್ಕೂ ಅವಳು ದಾರಿ ಹುಡುಕಿದಳು. ಜನವರಿಯ ಶನಿವಾರ ಚರ್ಚಿನ ನೆಲಮನೆಯಲ್ಲಿ ಎರಡೂ ಊರಿನವರಿಗೆ ಬೀನ್ಸ್ ಊಟ ಇತ್ತು. ಇಡೀ ದಿನ ಒಲೆಯಲ್ಲಿಟ್ಟು ಕಾಕಂಬಿಯಲ್ಲಿ ಬೇಯಿಸಿದ ಕಾಳು, ಕಪ್ಪು ರೊಟ್ಟಿ, ಉಪ್ಪಿನಕಾಯಿ. ಎಲ್ಲರ ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತಿಗೆ ಏವಿಸ್ ಎದ್ದು ನಿಂತಳು.

"ಹುಡುಗರು ಮರೆತುಬಿಟ್ಟಿದ್ದಾರೆ, ಒಂದ್ಸಲ ದೊಡ್ಡವರು ಹೇಳ್ಲಿ. ಗೆರೆ ಎಲ್ಲಿಂದ ಶುರು?"

"ಹೊಗೆಗೂಡಿನಿಂದ," ಎಂದ ಓರಿನ್ ಕೂತಲ್ಲಿಂದಲೇ.

"ಹೊಗೆಗೂಡು ಎಲ್ಲಿದ್ರೂ?"

"ಎಲ್ಲಿ ಹೊಗೆಗೂಡೋ ಅಲ್ಲಿ ಗೆರೆ. ಹಳೇ ಇಟ್ಟಿಗೆ ಇರ್ಬೇಕು ಅಷ್ಟೆ. ಹೊಸ ಇಟ್ಟಿಗೆ ನಡಿಯಲ್ಲ. ಎಲ್ರೂ ಕೇಳಿಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡರು. ಎರಡೂ ಊರಿನ ಹಿರಿಯರು ಕೈ ಕುಲುಕಿದರು. ಆ ಜಿಲ್ಲೆಯಲ್ಲಿ ಹಾಗೆ ಕುಲುಕಿದ ಮೇಲೆ ಕೋರ್ಟೂ ಇಲ್ಲ, ಕಾಗದವೂ ಇಲ್ಲ. ಏವಿಸ್ ಖುಷಿಯಲ್ಲಿ ಮೂರನೇ ಸಲ ಬೀನ್ಸ್ ಹಾಕಿಸಿಕೊಂಡಳು.

ಫೆಬ್ರವರಿಯಲ್ಲಿ ಹಳದಿ ಮನೆ ಹಿಮದ ಹೊಲದ ಮೇಲೆ ಗಡಗಡ ಅನ್ನುತ್ತಾ ಪಶ್ಚಿಮಕ್ಕೆ ಹೊರಟಿತು. ಕಿಟಕಿಯ ಪರದೆಗಳೂ ಬಿಚ್ಚಿರಲಿಲ್ಲ. ಹೊಗೆಗೂಡನ್ನು ಮಾತ್ರ ಹಾಗೆ ಒಯ್ಯಲಾಗದು, ಇಟ್ಟಿಗೆ ಇಟ್ಟಿಗೆಯಾಗಿ ಇಳಿಸಿ ದಿಣ್ಣೆಯ ಮೇಲೆ ಮತ್ತೆ ಕಟ್ಟಬೇಕು. ಒಂದು ಇಟ್ಟಿಗೆಯೂ ಕಳೆಯದ ಹಾಗೆ ಏವಿಸ್ ಪಕ್ಕದಲ್ಲೇ ನಿಂತು ಕಾವಲು ಕಾದಳು. "ಈ ಊರಿನ ಜನ ಎಷ್ಟು ಒಳ್ಳೆಯವರು," ಎಂದು ಡಾಕ್ಟರು ಹೆಂಡತಿಗೆ ಹೇಳಿದರು.

ಜೂನ್ ಬಂತು. ಏವಿಸ್ ದೋಣಿ ತೆಗೆದುಕೊಂಡು ಬಾತುಬಂಡೆಯ ಹತ್ತಿರ ಹೋಗಿ ಗೂಟವನ್ನೂ ಹೊಗೆಗೂಡನ್ನೂ ಕಣ್ಣಳತೆಯಲ್ಲಿ ಕೂಡಿಸಿದಳು. ಗೆರೆ ಬಾಣಲೆಯ ಆಚೆ ದಂಡೆಯ ಮೇಲೆ ಹಾದುಹೋಗಿತ್ತು. ಇಡೀ ಬಾಣಲೆ ಪಿಂಕಮ್ ಪಾಲಾಗಿತ್ತು! ಯಾವಾಗಲೂ ಅಲ್ಲಿರುತ್ತಿದ್ದ ಓರಿನ್‌ನ ಹಸಿರು ಬೆಂಡುಗಳು ಒಂದೂ ಇರಲಿಲ್ಲ, ಅವನು ಸದ್ದಿಲ್ಲದೆ ಎತ್ತಿಕೊಂಡು ಹೋಗಿದ್ದ. ಮುನಿಸಿಕೊಂಡಿರಬೇಕು, ಮುನಿಸಿಕೊಳ್ಳಲಿ. ಅವಳು ತನ್ನ ಹತ್ತು ಬೋನುಗಳನ್ನು, ಕೆಂಪು ಬಿಳಿ ಪಟ್ಟೆಯ ಹತ್ತು ಬೆಂಡುಗಳ ಸಮೇತ, ಆ ಸಾಧು ನೀರಿಗೆ ಬಿಟ್ಟಳು. ಆ ಬೇಸಿಗೆ ಅವಳು ಹಾಡು ಗುನುಗುತ್ತಾ ಬೋನು ಎತ್ತಿದಳು. ಕೈ ನೋಯಲಿಲ್ಲ, ಮಂಡಿ ನೋಯಲಿಲ್ಲ. ಇನ್ನು ಹತ್ತು ವರ್ಷ ದೋಣಿ ಬಿಡುವುದಿಲ್ಲ ಎಂದು ಟ್ರುಡಿಯ ಎದುರೇ ಸವಾಲು ಹಾಕಿದಳು.

ಆ ಕರಾವಳಿಯಲ್ಲಿ ಶರತ್ಕಾಲ ಬಂದೊಡನೆ ಹೆಚ್ಚಿನ ಲಾಬ್‌ಸ್ಟರ್‌ಗಳು ಆಳಕ್ಕೆ ಹೊರಡುತ್ತವೆ, ಅವುಗಳ ಹಿಂದೆ ಹರೆಯದವರ ಬೋನುಗಳೂ ಹೊರದಿಬ್ಬಕ್ಕೆ ಹೊರಡುತ್ತವೆ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಟ್ರುಡಿ ಬೂಟು ಕೂಡ ಕಳಚದೆ ಏವಿಸ್‌ಳ ಅಡುಗೆಮನೆಗೆ ನುಗ್ಗಿ ಮೇಜಿನ ಮೇಲೆ ತನ್ನ ಬೆಂಡನ್ನು ಕುಕ್ಕಿದಳು. ಅದರ ಕುತ್ತಿಗೆಗೆ ಒಂದು ಗಂಟು ಬಿದ್ದಿತ್ತು.

"ಇದು ಒಂದಲ್ಲ ಅತ್ತೆ. ಹೊರದಿಬ್ಬದಲ್ಲಿ ನಮ್ಮೂರಿನ ಪ್ರತಿಯೊಂದು ಬೆಂಡಿಗೂ ಟಾರ್ಬೆಲ್‌ನವರು ಗಂಟು ಹಾಕಿದ್ದಾರೆ!"

"ಅವರಿಗೆ ಹುಚ್ಚಾ? ಹೊರದಿಬ್ಬ ನಮ್ದು."

"ನಮ್ದಾಗಿತ್ತು. ಗೂಟ, ಹೊಗೆಗೂಡು ಎರಡೂ ಕೂಡಿಸಿ ನೋಡ್ದೆ. ಅಲ್ಲಿ ಗೆರೆ ಅರ್ಧ ಮೈಲಿಗಿಂತ ಜಾಸ್ತಿ ನಮ್ಮ ಕಡೆ ಬಂದಿದೆ. ದಿಬ್ಬ ಪೂರ್ತಿ ಹೋಯ್ತು."

"ಅದ್ಹೇಗೆ? ನಾನು ಗೆರೆ ಪಡುವಣಕ್ಕಲ್ವಾ ತಳ್ಳಿದ್ದು?"

ಟ್ರುಡಿ ಮೂಲೆಯಲ್ಲಿ ನಿಲ್ಲಿಸಿದ್ದ ಹಳೆಯ ಹುಟ್ಟನ್ನು ತಂದು ಕುರ್ಚಿಯ ಬೆನ್ನಿನ ಮೇಲೆ ಅಡ್ಡ ಇಟ್ಟಳು.

"ಹುಟ್ಟು ಹಾಕೋದು ನಂಗೆ ಕಲಿಸಿದ್ದು ಯಾರು? ಹಿಡಿ ಈ ಕಡೆ ತಳ್ಳಿದ್ರೆ ನೀರಲ್ಲಿರೋ ತುದಿ ಎಲ್ಲಿಗೆ ಹೋಗುತ್ತೆ, ನೋಡು."

ಹಿಡಿ ಗೇಣಿನಷ್ಟು ಈಚೆ ಬಂತು, ತುದಿ ಮಾರುದ್ದ ಆಚೆ ಹೋಗಿ ಕಪಾಟಿನ ಮೇಲಿದ್ದ ಜಾಡಿಯನ್ನು ಕೆಡವಿತು. ಈಗ ಏವಿಸ್‌ಗೆ ಅರ್ಥವಾಯಿತು. ಬಾತುಬಂಡೆಯ ಗೂಟ ಅಲುಗಿರಲಿಲ್ಲ. ಗೆರೆ ಆ ಗೂಟದ ಮೇಲೆ ತಿರುಗಿತ್ತು, ಅಷ್ಟೆ. ಬಂಡೆಯ ಈಚೆ ಮುನ್ನೂರು ಅಡಿಯ ಬಾಣಲೆ ಸಿಕ್ಕಿತ್ತು, ಆಚೆ ಊರಿನ ಅಷ್ಟೂ ಹರೆಯದವರ ಅನ್ನದ ನೆಲ ಹೋಗಿತ್ತು. ಆರು ವರ್ಷದವಳಿದ್ದಾಗಿಂದ ಹುಟ್ಟು ಹಾಕಿದವಳಿಗೆ ಇಷ್ಟು ಹೊಳೆಯಲಿಲ್ಲವೇ! ಅವಳಿಗೆ ತನ್ನ ಮೇಲೇ ಉರಿದುಹೋಯಿತು.

"ಯಾರ್ಗೂ ಹೊಳೀಲಿಲ್ವಲ್ಲೇ," ಎಂದಳು ಸಣ್ಣ ದನಿಯಲ್ಲಿ.

"ಓರಿನ್ ಡೈಯರ್‌ಗೆ ಹೊಳ್ದಿತ್ತು," ಎಂದಳು ಟ್ರುಡಿ.

ಏವಿಸ್ ಅದೇ ಏಪ್ರನ್‌ನಲ್ಲೇ ಗಾಡಿ ಹತ್ತಿ ಟಾರ್ಬೆಲ್‌ಗೆ ಹೋದಳು. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೇ ಹೋದಳು, ಒಳ್ಳೊಳ್ಳೆಯವೇ ಸಿಕ್ಕಿದ್ದವು. ಓರಿನ್‌ನ ಅಂಗಳದಲ್ಲಿ ಅವನ ಬೋನುಗಳೆಲ್ಲ ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಎಲ್ಲಾ ಒಣಗಿ, ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಓರಿನ್ ಜಗಲಿಯಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದು ಕೂತಿದ್ದ. ಅವನ ತೊಡೆಯ ಮೇಲೆ ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆ.

"ಇದೇನೋ ಇದು?"

"ಕಾಲುಚೀಲ. ಸೊಸೆ ಕಲಿಸ್ತಿದ್ದಾಳೆ. ನಗಬೇಡ."

ಏವಿಸ್‌ಗೆ ನಗು ಬರಲಿಲ್ಲ. "ನಿನ್ನ ಬೋನು ಯಾಕೋ ಇಲ್ಲಿ?"

"ಇನ್ನೆಲ್ಲಿ ಹಾಕ್ಲಿ? ಹೊರದಿಬ್ಬದಲ್ಲಿ ಹಗ್ಗ ಎಳೆಯೋಕೆ ಈ ಸೊಂಟ ಕೇಳುತ್ತಾ? ಎಂಟು ವರ್ಷದಿಂದ ಬಾಣಲೆಲೇ ಇದ್ದೆ ನಾನು. ಮುದುಕರಿಗೆ ಅಷ್ಟೇ ನೀರು ಇರೋದು ಇಲ್ಲಿ."

"ಮತ್ತೆ ಬಿಟ್ಕೊಟ್ಟೆ ಯಾಕೆ? ನಿಂಗೆ ಎಲ್ಲಾ ಗೊತ್ತಿತ್ತು. ಡಾಕ್ಟ್ರ ಮುಂದೆ ಟೊಪ್ಪಿ ಬೇರೆ ತೆಗ್ದೆ!"

"ಹುಡುಗರಿಗೆ ಹೊರದಿಬ್ಬ ಸಿಗುತ್ತೆ, ನಾನು ಬಾಣಲೆ ಬಿಡ್ಬೇಕು. ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ ಮಾರಾಯ್ತಿ?" ಓರಿನ್ ಒಂದು ಹೆಣಿಗೆ ಹಾಕಲು ಹೋಗಿ ಮೂರು ಬಿಚ್ಚಿಕೊಂಡ. "ನೀನೂ ನಿಮ್ಮ ಹುಡುಗರಿಗೋಸ್ಕರಾನೇ ಏನೋ ಮಾಡ್ತಿದ್ದೀ ಅಂದ್ಕೊಂಡೆ."

ಹೊಂದಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಏವಿಸ್ ಬಾಯಿಗೆ ಬರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು ನಾಚಿಕೆ. ತನ್ನ ಹತ್ತು ವರ್ಷಗಳಿಗೋಸ್ಕರ ಅವಳು ಟ್ರುಡಿಯ ನಲವತ್ತು ವರ್ಷ ತೆಗೆದಿದ್ದಳು. ಜೊತೆಗೆ ಇವನ ಕೈಗೆ ಉಣ್ಣೆ ಕೊಟ್ಟಿದ್ದಳು.

ಆದರೆ ಏವಿಸ್ ನಾಚಿಕೆಯನ್ನು ಬಹಳ ಹೊತ್ತು ಇಟ್ಟುಕೊಳ್ಳುವ ಹೆಂಗಸಲ್ಲ. ಗಾಡಿ ಹತ್ತುವಾಗ ತಿರುಗಿ ಕೇಳಿದಳು: "ಎಲ್ಲಿ ಹೊಗೆಗೂಡೋ ಅಲ್ಲಿ ಗೆರೆ. ಹಾಗಂದಿದ್ದು ನೀನೇ ಅಲ್ವಾ?"

"ನಾನೇ."

"ಹಳೇ ಇಟ್ಟಿಗೆ?"

"ಹಳೇ ಇಟ್ಟಿಗೆ," ಎಂದ ಓರಿನ್. ಅವನ ಕೈಯಲ್ಲಿದ್ದ ಕಡ್ಡಿಗಳು ನಿಂತವು. "ಮನೆ ಇರ್ಬೇಕು ಅಂತ ಮಾತ್ರ ಯಾರೂ ಅಂದಿಲ್ಲ."

ಮರುದಿನ ಏವಿಸ್ ಮತ್ತೆ ಬ್ಲೂಬೆರಿ ಕಡುಬು ಹಿಡಿದು ಡಾಕ್ಟರ ಮನೆಗೆ ಹೋದಳು. ಈ ಸಲ ಹೊಗೆಗೂಡಿನ ಬುಡದಲ್ಲಿ ನಿಂತು ಇಟ್ಟಿಗೆ ಮೂಸಿ ನೋಡಿ ತಲೆಯಾಡಿಸಿದಳು.

"ಬೆವರ್ತಾ ಇದೆ ಡಾಕ್ಟ್ರೇ."

"ಇಟ್ಟಿಗೆ ಬೆವರುತ್ತಾ?"

"ನೂರೈವತ್ತು ವರ್ಷ ಕಡಲ ಉಪ್ಪು ಕುಡಿದ ಇಟ್ಟಿಗೆ. ಕಡಲಿನ ಪಕ್ಕ ಇರೋವರೆಗೂ ಸರಿ, ದೂರ ತಂದ್ರೆ ಕೊರಗುತ್ತೆ. ಮೊದ್ಲು ಬೆವರು, ಆಮೇಲೆ ಹೊಗೆ ಒಳಗೇ. ನಿಮಗೆ ಕಬ್ಬಿಣದ ಒಲೆ, ತಗಡಿನ ಕೊಳವೆ ಸಾಕು. ನಮ್ಮ ಹುಡುಗರೇ ಬಂದು ಹಾಕಿಕೊಡ್ತಾರೆ. ಈ ಇಟ್ಟಿಗೆ ತೊಂದ್ರೆನೂ ನಾವೇ ಹೊತ್ಕೊಂಡು ಹೋಗ್ತೀವಿ."

"ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದರು ಡಾಕ್ಟರು. ಅವರ ಕಣ್ಣು ನಿಜಕ್ಕೂ ತೇವವಾಗಿತ್ತು.

ಭಾನುವಾರ ಚರ್ಚು ಮುಗಿದೊಡನೆ ಪಿಂಕಮ್ ಊರಿಗೆ ಊರೇ ದಿಣ್ಣೆಗೆ ಬಂತು. ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ ಆರುನೂರು ಅಡಿ ಪೂರ್ವಕ್ಕೆ, ಗುಡ್ಡದ ಅಂಚಿನ ಹಳೆಯ ಪಾಯಕ್ಕೆ ಸಾಗಿಸಿದರು. ಮಧ್ಯಾಹ್ನದ ಹೊತ್ತಿಗೆ ಟಾರ್ಬೆಲ್ ಕಡೆಯಿಂದ ಒಂದು ಲಾರಿ ಬಂತು. ಹೊಡೆದಾಟಕ್ಕೇ ಬಂದರು ಎಂದು ಟ್ರುಡಿ ಸಲಿಕೆ ಎತ್ತಿಕೊಂಡಳು. ಇಳಿದವನು ಓರಿನ್ ಒಬ್ಬನೇ. ಲಾರಿಯಲ್ಲಿ ಸುಣ್ಣ, ಮರಳು, ಕರಣಿ.

"ನಿಮ್ಮೂರವರು ನಿನ್ನ ಚರ್ಮ ಸುಲೀತಾರಲ್ಲೋ," ಎಂದಳು ಏವಿಸ್.

"ಸುಲೀಲಿ. ಬೀನ್ಸ್ ಊಟದ ದಿನ ಕೈ ಕುಲುಕಿದವರೇ ಎಲ್ರೂ. ಒಂದು ಬೇಸಿಗೆ ಪೂರ್ತಿ ಜಗಲಿಲಿ ಕೂತು ನೋಡ್ದೆ ಏವಿಸ್, ನಾನು ಅಷ್ಟು ಒಳ್ಳೇ ಮನುಷ್ಯ ಅಲ್ಲ. ಪಕ್ಕಕ್ಕೆ ಸರಿ, ಆ ಇಟ್ಟಿಗೆ ಸೊಟ್ಟ ಇಟ್ಟಿದ್ದಾನೆ."

ಸಂಜೆಯ ಹೊತ್ತಿಗೆ ಗುಡ್ಡದ ತುದಿಯಲ್ಲಿ ಮನೆಯಿಲ್ಲದ ಹೊಗೆಗೂಡು ಎದ್ದು ನಿಂತಿತ್ತು. ದಾರಿಯಲ್ಲಿ ಹೋಗುವ ಪ್ರವಾಸಿಗರು ಇಂದಿಗೂ ಗಾಡಿ ನಿಲ್ಲಿಸಿ, ಯಾವ ಕಾಲದಲ್ಲಿ ಬೆಂಕಿ ಬಿತ್ತೋ, ಯಾರ್ಯಾರು ಸತ್ತರೋ ಎಂದು ಮರುಗಿ ಫೋಟೋ ತೆಗೆದುಕೊಳ್ಳುತ್ತಾರೆ. ಊರಿನವರು ಯಾರೂ ತಿದ್ದುವುದಿಲ್ಲ. ಕೇಳಿದವರಿಗೆ ಎತ್ತಿನ ಕತೆ ಹೇಳುತ್ತಾರೆ.

ಹೊರದಿಬ್ಬ ಪಿಂಕಮ್‌ಗೆ ವಾಪಸ್ ಬಂತು, ಬಾಣಲೆ ಟಾರ್ಬೆಲ್‌ಗೆ ಹೋಯಿತು. ಏವಿಸ್ ತನ್ನ ಹತ್ತು ಬೋನುಗಳನ್ನು ಸೋಮವಾರವೇ ಎತ್ತಿಕೊಳ್ಳಬೇಕಿತ್ತು. ಆದರೆ ಇಟ್ಟಿಗೆ ಹೊತ್ತ ಕೈ ಮೇಲೇಳಲಿಲ್ಲ, ಮಂಗಳವಾರ ಮಂಡಿ ಬಗ್ಗಲಿಲ್ಲ, ಬುಧವಾರ ಮಂಜು ಕವಿದಿತ್ತು. ಮನಸ್ಸಿಲ್ಲದಿರುವುದೇ ನಿಜವಾದ ಕಾರಣ ಎಂದು ಅವಳಿಗೆ ಗೊತ್ತಿತ್ತು. ಗುರುವಾರ ಬೆಳಿಗ್ಗೆ ಹೊರಟಾಗ, ದೋಣಿ ಕೊಳ್ಳುವವರು ಇದ್ದರೆ ವಿಚಾರಿಸು ಎಂದು ಟ್ರುಡಿಗೆ ಹೇಳಿಯೇ ಹೊರಟಳು. ಟ್ರುಡಿ ಮುಖ ಆಚೆ ತಿರುಗಿಸಿಕೊಂಡು ಹೂಂ ಎಂದಳು.

ನಾಲ್ಕು ದಿನ ಪರರ ನೀರಿನಲ್ಲಿ ಬಿದ್ದಿದ್ದ ಬೋನುಗಳು. ಗಂಟು ಖಂಡಿತ, ಒಂದೆರಡರ ಹಗ್ಗವೂ ಹೋಗಿರಬಹುದು. ಅವಳು ಮೊದಲ ಬೆಂಡನ್ನು ಕೊಕ್ಕೆಯಲ್ಲಿ ಎಳೆದುಕೊಂಡು ನೋಡಿದಳು. ಗಂಟಿರಲಿಲ್ಲ. ಎರಡನೆಯದಕ್ಕೂ ಇರಲಿಲ್ಲ. ಹತ್ತೂ ಬೆಂಡುಗಳು ಬಿಟ್ಟಲ್ಲೇ ತೇಲುತ್ತಿದ್ದವು, ಅವುಗಳ ನಡುನಡುವೆ ಓರಿನ್‌ನ ಹಸಿರು ಬೆಂಡುಗಳು. ಓರಿನ್ ಸ್ವಲ್ಪ ದೂರದಲ್ಲಿ ದೋಣಿ ನಿಲ್ಲಿಸಿಕೊಂಡು ಬೋನಿಗೆ ಎರೆಯ ಮೀನು ಸಿಕ್ಕಿಸುತ್ತಿದ್ದ.

"ಓರಿನ್! ನಾನು ಗೆರೆ ದಾಟಿ ನಾಲ್ಕು ದಿನ ಆಯ್ತು. ಗಂಟು ಎಲ್ಲೋ?"

"ಯಾವ ಗಂಟು?"

"ಬೆಂಡಿಗೆ ಹಾಕೋ ಗಂಟು, ಮುದುಕಾ!"

ಓರಿನ್ ತಲೆ ಎತ್ತದೆ ಹೇಳಿದ: "ಬೆರಳಿಗೆ ವಾತ ಹಿಡ್ಕೊಂಡಿದೆ ಮಾರಾಯ್ತಿ. ಗಂಟು ಹಾಕೋಕೇ ಬರ್ತಿಲ್ಲ. ಡಾಕ್ಟ್ರು ಹೇಳಿದ್ದಾರೆ, ವಾಸಿಯಾಗೋಕೆ ಹತ್ತು ವರ್ಷ ಹಿಡಿಯುತ್ತಂತೆ."

"ಯಾವ ಡಾಕ್ಟ್ರು?"

"ಹಲ್ಲಿನ ಡಾಕ್ಟ್ರು."

ಹೀಗೆ ಹೇಳುತ್ತಲೇ ಅವನು ಹೊಸ ಹಗ್ಗ ತೆಗೆದು, ಬೋನಿನ ಕಿವಿಗೆ ಪೋಣಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಗಿಯಾದ ಎರಡು ಗಂಟು ಹಾಕಿ ಬೋನನ್ನು ನೀರಿಗೆ ನೂಕಿದ. ಏವಿಸ್ ಅದನ್ನು ನೋಡಿದಳು. ನೋಡಲಿಲ್ಲ ಎಂಬಂತೆ ಬೇರೆ ಕಡೆ ತಿರುಗಿದಳು, ಯಾಕೆಂದರೆ ಅವಳ ಕಣ್ಣು ತುಂಬಿಕೊಂಡಿತ್ತು. ಆಮೇಲೆ ತಾನು ಎತ್ತಿದ ಬೋನಿಗೆ ಹೊಸ ಮೀನು ಸಿಕ್ಕಿಸಿ, ಇದ್ದಲ್ಲಿಗೇ ಮತ್ತೆ ಬಿಟ್ಟಳು.